ಟವರ್ ಮೇಲೆ ಹಾಕಿದ ತಪ್ಪು

ನಮ್ಮ ಕಡೆ ಯಾರೂ ಅನುಮಾನ ಪಡದ ಸುಳ್ಳು ಅಂತ ಒಂದಿದ್ದರೆ ಅದು ‘ಟವರ್ ಇಲ್ಲ’ ಅನ್ನುವುದು. ಬೀಗರ ಫೋನು ಎತ್ತದಿದ್ದರೆ ಟವರ್ ಇರಲಿಲ್ಲ. ಸಂಘದ ಮೀಟಿಂಗಿಗೆ ಹೋಗದಿದ್ದರೆ ಟವರ್ ಇಲ್ಲದ್ದಕ್ಕೆ ಸುದ್ದಿ ಗೊತ್ತಾಗಲಿಲ್ಲ. ಮಾತಿನ ನಡುವೆ ಸಿಟ್ಟು ಬಂದು ಫೋನು ಕುಕ್ಕಿದರೂ ಪಾಪ, ಟವರೇ ಹೋಯಿತು. ಕೂಡ್ಲಿಗಿಯಿಂದ ಹಡಗಲಿವರೆಗೆ ಅರ್ಧ ಜನರ ಮಾನ ಕಾಪಾಡಿದ್ದು ಈ ಸುಳ್ಳೇ. ಅಂದಮೇಲೆ ಪುಷ್ಪಲತಾ ಒಬ್ಬಳು ಅದರ ನೆರಳಿಗೆ ಬಂದು ನಿಂತರೆ ಏನು ಮಹಾ ಅಪರಾಧ ಹೇಳಿ!

ಪುಷ್ಪಲತಾ ಉಜ್ಜಿನಿ ಹತ್ತಿರದ ಹಳ್ಳಿಯವಳು, ಕುರಿ ಸಾಕುವ ಮನೆಯ ಮಗಳು. ಡಿಗ್ರಿ ಮುಗಿಸಿ ಕೊಟ್ಟೂರಿನ ಜೆರಾಕ್ಸ್ ಅಂಗಡಿಯೊಂದರಲ್ಲಿ ಟೈಪ್ ಮಾಡುವ ಕೆಲಸಕ್ಕೆ ಹೋಗುತ್ತಿದ್ದಳು. ಆ ಕೆಲಸವನ್ನೇ ಹಿಡಿದದ್ದಕ್ಕೆ ಕಾರಣವಿತ್ತು. ಅಲ್ಲಿ ಬೆರಳು ಆಡಿದರೆ ಸಾಕು, ಬಾಯಿ ಆಡಬೇಕಿಲ್ಲ. ಅವಳಿಗೆ ಉಗ್ಗು. ಅದೂ ಎಂಥ ಉಗ್ಗು! ಮಾತು ಗಂಟಲಿನವರೆಗೆ ದಡದಡ ಓಡಿ ಬರುವುದು, ತುಟಿಯ ಹತ್ತಿರ ಬಂದು ಅಲ್ಲೇ ಕಾಲೂರಿ ನಿಂತುಬಿಡುವುದು. ಎಲ್ಲಕ್ಕಿಂತ ಕಷ್ಟ ಅವಳ ಸ್ವಂತ ಹೆಸರು. ಹೆಸರು ಕೇಳಿದವರು ಅದು ಮುಗಿಯುವ ತನಕ ಕಾದದ್ದೇ ಇಲ್ಲ. ಚಿಕ್ಕಂದಿನಲ್ಲಿ ಅವ್ವ ತಿಪ್ಪೇರುದ್ರಮ್ಮ ಬಜೆ ತೇಯ್ದು ನಾಲಿಗೆಗೆ ತಿಕ್ಕಿದ್ದಳು, ಜೇನು ನೆಕ್ಕಿಸಿದ್ದಳು, ಗುಡಿಗೆ ಗಂಟೆ ಕಟ್ಟುವ ಹರಕೆ ಹೊತ್ತಿದ್ದಳು. ಯಾವುದೂ ನಾಟಲಿಲ್ಲ. ‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಅಂತ ಹಿರಿಯರು ಅನ್ನುತ್ತಾರಲ್ಲ, ಮೊದಲು ಅದು ಹೊರಗೆ ಬರಲಿ, ಆಮೇಲೆ ಹೋಗುವ ಮಾತು ಎಂದು ಪುಷ್ಪಲತಾಳಿಗೆ ಒಳಗೊಳಗೇ ಉರಿಯುತ್ತಿತ್ತು.

ಕೊನೆಗೆ ಅವ್ವನೇ ಅವಳ ಬಾಯಿಯಾದಳು. ಡಾಕ್ಟರ ಹತ್ತಿರ ಅವ್ವ, ಬಸ್ಸಿನಲ್ಲಿ ಅವ್ವ, ಕಾಲೇಜಿನ ಆಫೀಸಿನಲ್ಲೂ ಅವ್ವ. ತಿಪ್ಪೇರುದ್ರಮ್ಮನ ಬಾಯಿ ಏನು ಸಾಮಾನ್ಯದ್ದೇ? ಹೊಲದ ಈ ಬದುವಿನಿಂದ ಕೂಗಿದರೆ ಗುಡ್ಡದ ಆಚೆ ಇದ್ದ ಕುರಿ ತಲೆ ಎತ್ತುತ್ತಿತ್ತು. ಇಬ್ಬರಿಗೆ ಆಗಿ ಮಿಗುವಷ್ಟು ಬಾಯಿಯನ್ನು ದೇವರು ಒಬ್ಬಳಿಗೇ ಕೊಟ್ಟಿದ್ದ.

ಇಷ್ಟಿದ್ದೂ ಒಂದು ಜಾಗದಲ್ಲಿ ಮಾತ್ರ ಪುಷ್ಪಲತಾಳನ್ನು ಯಾರೂ ‘ಉಗ್ಗಿ’ ಅನ್ನುತ್ತಿರಲಿಲ್ಲ. ಅದು ಫೋನಿನೊಳಗಿನ ಆಟ. ದೊಡ್ಡದೊಂದು ನಡುಗಡ್ಡೆಯಲ್ಲಿ ಮೂರು ಮೂರು ಜನರ ತಂಡಗಳು ಇಳಿಯುತ್ತವೆ, ಒಬ್ಬರನ್ನೊಬ್ಬರು ಹುಡುಕಿ ಹೊಡೆಯುತ್ತಾರೆ, ಕೊನೆಗೆ ಉಳಿದ ತಂಡ ಗೆದ್ದಂತೆ. ಇವಳ ತಂಡದಲ್ಲಿ ಇನ್ನಿಬ್ಬರು. ಹಡಗಲಿಯ ಗಂಗಾಂಬಿಕಾ ಬಿ.ಎಡ್. ಓದುವವಳು, ತಂಡದ ಕ್ಯಾಪ್ಟನ್ನು, ಟೀಚರಾಗುವ ಮೊದಲೇ ಗದರಿಸುವುದನ್ನು ಕಲಿತಿದ್ದಳು. ಕೂಡ್ಲಿಗಿಯ ನಾಗರತ್ನ ನರ್ಸಿಂಗ್ ಓದುವವಳು, ಮಾತಿಗೊಮ್ಮೆ ನಗುವವಳು. ಮೂವರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಆದರೆ ಆಟದಲ್ಲಿ ಪುಷ್ಪಲತಾಳ ಕಣ್ಣು ಎಂಥದೆಂದು ಇಬ್ಬರಿಗೂ ಗೊತ್ತಿತ್ತು. ಹುಲ್ಲು ಅಲುಗಿದರೆ ಸಾಕು, ಅಲ್ಲಿ ಯಾರಿದ್ದಾರೆ ಅನ್ನುವುದು ಮೊದಲು ತಿಳಿಯುತ್ತಿದ್ದದ್ದು ಅವಳಿಗೇ.

ಆದರೆ ಕಂಡದ್ದನ್ನು ಹೇಳಬೇಕಲ್ಲ! ಹೊಸದರಲ್ಲಿ ಒಮ್ಮೆ ಧೈರ್ಯ ಮಾಡಿ ಮೈಕ್ ಒತ್ತಿ, ‘ಬ್... ಬ್... ಬಂ...’ ಅನ್ನುವಷ್ಟರಲ್ಲಿ ನಾಗರತ್ನ, “ಲೇ ಪುಷ್ಪಿ, ನಿನ್ ದನಿ ಕಟ್ ಕಟ್ ಆಗಾಕತ್ತೈತಿ. ಟವರ್ ಇಲ್ಲೇನ?” ಅಂದಿದ್ದಳು.

ಪುಷ್ಪಲತಾ ಬೆರಳಿನಿಂದ ಬರೆದು ಕಳಿಸಿದಳು. ‘ಹೌದು, ಟವರ್ ಇಲ್ಲ.’

ನೋಡಿ, ಎಷ್ಟು ಸಲೀಸು! ಅಂದಿನಿಂದ ಅವಳ ಉಗ್ಗಿನ ತಪ್ಪನ್ನೆಲ್ಲ ಟವರ್ ಹೊತ್ತುಕೊಂಡಿತು. ಒಂದು ವರ್ಷ ಹೀಗೇ ನಡೆಯಿತು. ಆಮೇಲೆ ಅವಳ ಊರ ಪಕ್ಕದಲ್ಲೇ ಹೊಸ ಟವರ್ ಎದ್ದು ನಿಂತಿತು. ಖುಷಿಯಲ್ಲಿ ಊರವರೆಲ್ಲ ಅದರ ಫೋಟೋ ಸ್ಟೇಟಸ್ಸಿಗೆ ಹಾಕಿದರು. ಕೈಯಿಂದ ಕೈಗೆ ದಾಟಿ ನಾಗರತ್ನಳಿಗೂ ಅದು ಕಂಡುಬಿಟ್ಟಿತು. ಪುಷ್ಪಲತಾ ಆಗ ತಪ್ಪನ್ನು ಟವರಿನಿಂದ ಇಳಿಸಿ ಫೋನಿನ ಮೈಕಿನ ಮೇಲೆ ಹೊರಿಸಿದಳು.

ಆಮೇಲೊಂದು ಪಂದ್ಯದಲ್ಲಿ ಅದೇ ತಿರುಗಿ ಬಡಿಯಿತು. ಗೆಲ್ಲುವುದಕ್ಕೆ ಇನ್ನೇನು ಗೇಣು ದೂರ. ಗೋಡೆಯ ಹಿಂದೆ ಮೂವರು ಹೊಂಚು ಹಾಕಿದ್ದು ಪುಷ್ಪಲತಾಳಿಗೆ ಕಂಡಿತು. ಹೇಳಹೋದಳು, ಮಾತು ತುಟಿಯಲ್ಲೇ ನಿಂತಿತು. ಗಂಗಾಂಬಿಕಾ, ನಾಗರತ್ನ ಇಬ್ಬರೂ ನೇರ ಹೋಗಿ ಗುಂಡಿಗೆ ಎದೆ ಕೊಟ್ಟರು. ಆಟ ಮುಗಿದ ಮೇಲೆ ಗಂಗಾಂಬಿಕಾ ಹಲ್ಲು ಕಚ್ಚಿ ಹೇಳಿದಳು: “ನೋಡಲೇ ಪುಷ್ಪಿ, ಬರೋ ಭಾನುವಾರ ಹೊಸಪೇಟಿ ಯುವಕ ಸಂಘದೋರ ಪಂದ್ಯ ಐತಿ. ಜಿಲ್ಲೆದಾಗಿನ ಹುಡುಗೇರ ತಂಡ ಎಲ್ಲಾ ಬರ್ತಾವ. ಅಷ್ಟರಾಗ ಒಂದು ಚಲೋ ಹೆಡ್‌ಸೆಟ್ ತಗೊ. ಇಲ್ಲಾಂದ್ರ ಬೇಜಾರ ಮಾಡ್ಕಬ್ಯಾಡ, ನಿನ್ ಜಾಗಕ್ಕ ಬ್ಯಾರೆ ಯಾರನ್ನರ ಹುಡುಕ್ತೀನಿ.”

ಪುಷ್ಪಲತಾ ಲೆಕ್ಕ ಹಾಕಿದಳು. ಹೆಡ್‌ಸೆಟ್ ಕೊಳ್ಳದಿದ್ದರೆ ತಂಡದಿಂದ ಹೊರಗೆ. ಕೊಂಡರೆ ಇನ್ನೂ ಕಷ್ಟ. ಮೈಕ್ ಹೊಸದು, ಟವರ್ ಹೊಸದು, ಇನ್ನು ತಪ್ಪು ಹೊರುವುದಕ್ಕೆ ಉಳಿದವಳು ಅವಳೊಬ್ಬಳೇ. ಜಗತ್ತಿನಲ್ಲಿ ತನ್ನನ್ನು ಉಗ್ಗಿ ಅನ್ನದ ಜಾಗ ಇದೊಂದೇ, ಅದೂ ಹೋಗುತ್ತದಲ್ಲ ಎಂದು ಅವಳಿಗೆ ಅಳು ಬಂತು. ಆದರೂ ‘ಆಯ್ತು’ ಅಂತ ಬರೆದಳು. ಬೇರೆ ಏನು ಬರೆಯುವುದಕ್ಕಾದೀತು?

ಮರುದಿನ ಗಂಗಾಂಬಿಕಾಳಿಂದ ಉಪದೇಶವೂ ಬಂತು. “ಬಣ್ಣ ಬಣ್ಣದ ಲೈಟ್ ಇರೋದು ನೋಡಿ ಮರುಳಾಗಬ್ಯಾಡ, ಆ ಲೈಟಿಗೂ ರೊಕ್ಕ ಹಾಕಿರ್ತಾರ. ಬ್ಲೂಟೂತ್ ಬ್ಯಾಡವೇ ಬ್ಯಾಡ, ಅವರು ಗುಂಡು ಹೊಡದು ನೀ ಸತ್ತ ಮ್ಯಾಲೆ ಸಪ್ಪಳ ಕೇಳಿಸ್ತೈತಿ. ಮೈಕು ಬಾಯಿ ತನಕ ಬಾಗಿ ಬರಬೇಕು. ಕಿವಿ ಮ್ಯಾಲೆ ಮೆತ್ತಗ ಕೂಡಬೇಕು, ಬ್ಯಾಸಿಗ್ಯಾಗ ಬೆವತ್ರೂ ಉರಿಬಾರದು. ಎಡಕ್ಕ ನಡದದ್ದು ಎಡಕ್ಕ, ಬಲಕ್ಕ ನಡದದ್ದು ಬಲಕ್ಕ ಕೇಳಬೇಕು. ಇಷ್ಟು ನೋಡಿ ತಗೊ.”

ಪುಷ್ಪಲತಾ ಕೂಡಿಟ್ಟದ್ದು ಸಾವಿರದ ಐನೂರು. ಕುರಿಗೆ ಜಂತಿನ ಔಷಧಿ ತರುವುದಿತ್ತು, ಅವ್ವನೂ ಹೊರಟಳು. ಔಷಧಿ ಬರೀ ನೆಪ. ಅಂಗಡಿಯಲ್ಲಿ ಮಗಳ ಬಾಯಾಗುವುದಕ್ಕೇ ಅವ್ವ ಬಂದದ್ದು.

ಹರಪನಹಳ್ಳಿ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಜಂಬುನಾಥನ ಮೊಬೈಲ್ ಅಂಗಡಿ. ಜಂಬುನಾಥ ಮಾತಿನ ಮಲ್ಲ. ಗಿರಾಕಿ ಮೆಟ್ಟಿಲು ಹತ್ತುವುದರೊಳಗೆ ಅರ್ಧ ವ್ಯಾಪಾರ ಮುಗಿಸಿರುತ್ತಿದ್ದ.

“ಬರ್ರಿ ಯಕ್ಕಾ, ಬಾ ತಂಗಿ. ಗೇಮಿಂಗ್ ಹೆಡ್‌ಸೆಟ್ಟಾ? ಎಷ್ಟರೊಳಗ? ಸಾವಿರದ ಐನೂರಾ? ಅದಾವ, ಯಾಕಿಲ್ಲ!” ಅನ್ನುತ್ತಾ ಮೇಜಿನ ತುಂಬ ಹರಡಿದ. ಒಂದಕ್ಕೆ ದೀಪಾವಳಿ ಸರದಂತೆ ಲೈಟು. ಪುಷ್ಪಲತಾ ಅದನ್ನು ಪಕ್ಕಕ್ಕೆ ಸರಿಸಿದಳು. ಒಂದು ತಲೆಗೆ ಹಾಕಿದರೆ ಕಿವಿಯನ್ನು ಇಕ್ಕಳದಂತೆ ಹಿಡಿಯಿತು. ಇನ್ನೊಂದರಲ್ಲಿ ಎಡ ಬಲ ಎರಡೂ ಕಲಸಿ ಅಂಬಲಿಯಾಗಿತ್ತು. ಮತ್ತೊಂದು ಎಲ್ಲ ಚೆನ್ನ, ಬೆಲೆ ಮಾತ್ರ ಮೂರು ಸಾವಿರದ ಮೇಲೆ. ಅದನ್ನು ಹಾಕಿಕೊಂಡಾಗ ಆಟದೊಳಗಿನ ಮಳೆ ನೆತ್ತಿಯ ಮೇಲೇ ಬಿದ್ದಂತಾಗಿ, ಯಾರೋ ಹಿಂದಿನಿಂದ ತರಗೆಲೆ ತುಳಿದಂತಾಗಿ ಅವಳು ತಿರುಗಿಯೇ ನೋಡಿದಳು. ಅಬ್ಬಾ, ಇಷ್ಟು ದಿನ ಆಡಿದ್ದು ಇದೇ ಆಟವೇ? ಅಂತ ಅವಳಿಗೆ ಬೆರಗು. ಒಲ್ಲದ ಮನಸ್ಸಿನಿಂದ ತೆಗೆದಿಟ್ಟಳು.

“ಮೈಕ್ ಟೆಸ್ಟ್ ಮಾಡು ತಂಗಿ. ಏನರ ಮಾತಾಡು, ರೆಕಾರ್ಡ್ ಮಾಡಿ ಕೇಳಿಸ್ತೀನಿ.”

ಪುಷ್ಪಲತಾ ತಲೆ ತಗ್ಗಿಸಿದಳು. ತಿಪ್ಪೇರುದ್ರಮ್ಮ ಮುಂದೆ ಬಂದಳು. “ಆಕಿ ಮಾತಾಡಲ್ಲ. ನಂಗ ಕೊಡು ತಮ್ಮಾ, ನಾ ಮಾತಾಡ್ತೀನಿ.”

ಸೆರಗಿನ ಮೇಲೇ ಹೆಡ್‌ಸೆಟ್ ಏರಿಸಿಕೊಂಡು, ಏನು ಮಾತಾಡುವುದೆಂದು ತಿಳಿಯದೆ, ತನಗೆ ಬರುವ ಒಂದು ವಿದ್ಯೆಯನ್ನೇ ತೋರಿಸಿದಳು. “ಹ್ರ್ರ್ರ್ರ್ರೋ... ಬಾ ಬಾ ಬಾ ಬಾ! ಎಲ್ಲಿ ಸತ್ರಲೇ ಎಲ್ಲಾರೂ, ಬರ್ರಿ ನಿಮ್ಮನ್ ತೋಳ ತಿನ್ನ!” ಪಕ್ಕದ ಅಂಗಡಿಯ ಗಿರಾಕಿಗಳು ಬಗ್ಗಿ ನೋಡಿದರು. ಜಂಬುನಾಥ ರೆಕಾರ್ಡ್ ಕೇಳಿಸಿದ. ಅವ್ವ ಕಣ್ಣರಳಿಸಿದಳು.

“ಯಾರಿದು? ನಾನಾ? ಅಯ್ಯ ಶಿವನೇ, ನನ್ ದನಿ ಇಷ್ಟು ಗಡಸು ಐತಾ! ಅದಕ್ಕ ಕುರಿ ಹೆದರಿ ಬರ್ತಾವ ಹಂಗಾರ.”

ಜಂಬುನಾಥ ನಕ್ಕು ನಕ್ಕು ಸುಸ್ತಾದ. ಅವನಿಗೂ ಈ ಅವ್ವ ಮಗಳ ಮೇಲೆ ಪ್ರೀತಿ ಬಂದಿರಬೇಕು. ಕೆಳಗಿನ ಖಾನೆ ಎಳೆದು, ಒಂದು ಕಪ್ಪು ಹೆಡ್‌ಸೆಟ್ ತೆಗೆದ. ವೈರ್ ಇಲ್ಲ. ಫೋನಿಗೆ ಚುಚ್ಚುವುದಕ್ಕೆ ಕಡಲೆಬೇಳೆ ಗಾತ್ರಕ್ಕಿಂತ ತುಸು ದೊಡ್ಡದಾದ ಒಂದು ತುಂಡು ಜೊತೆಗಿತ್ತು. “ನೋಡ್ರಿ, ಇದು ನಾಕು ಸಾವಿರದ್ದು. ಬ್ಲೂಟೂತ್ ಅಲ್ಲ, ಆಟದ ಸಪ್ಪಳ ಟೈಮಿಗೆ ಸರಿಯಾಗಿ ಬರ್ತೈತಿ. ಆದ್ರ ಒಬ್ರು ತಗಂಡು ವಾಪಸ್ ತಂದುಕೊಟ್ರು. ಏನೋ ಕೆಟ್ಟೈತಿ. ನಾವು ಮಾತಾಡಿದ್ದು ಒಂದು ಚಣ ತಡ ಆಗಿ ನಮ್ ಕಿವಿಗೇ ವಾಪಸ್ ಬರ್ತೈತಿ. ಎದುರಿಗೆ ಇದ್ದೋರಿಗೆ ಸರಿ ಕೇಳಿಸ್ತೈತಿ, ನಮಗ ಅಷ್ಟ ಕಾಟ. ಮೈಕ್ ಬಳಸದಿದ್ರ ಇದ್ರಂಥ ಸೆಟ್ ಇಲ್ಲ. ತಂಗಿ ಹೆಂಗೂ ಮಾತಾಡಲ್ಲ ಅಂದ್ರಲ್ಲ, ಅದಕ್ಕ ತೋರ್ಸಿದೆ.”

“ಹೆಂಗ ಕಾಟ?” ಅಂದಳು ಅವ್ವ.

“ಇಲ್ನೋಡ್ರಿ.” ಜಂಬುನಾಥ ಹಾಕಿಕೊಂಡ. “ಹಲೋ, ನಾನು ಹ... ಹರ... ಹರಪನ... ಹಳ್ಳಿ... ಜಂ... ಜಂಬು... ಥೂ ಇದರ!” ಕಿತ್ತು ಕೆಳಗಿಟ್ಟ. ಅಷ್ಟು ಹೊತ್ತು ಮಾತನ್ನು ಮಳೆಯಂತೆ ಸುರಿಸಿದವನ ಮುಖ ಕೆಂಪಾಗಿತ್ತು.

“ಕೊಡು ಕೊಡು, ನಾ ನೋಡ್ತೀನಿ,” ಅವ್ವ ಕಸಿದುಕೊಂಡಳು. “ಏ ತಮ್ಮಾ, ನ... ನಮ್... ನಮ್ಮೂರು... ಉ... ಇದೇನಲೇ ಯವ್ವಾ! ನಾಲಿಗಿ ಹಿಡಕಂತೈತಿ!”

ಪುಷ್ಪಲತಾ ಬಾಯಿ ಬಿಟ್ಟು ನೋಡುತ್ತಿದ್ದಳು. ಇದು ತನ್ನದೇ! ಒಂದೊಂದು ತಡೆ, ಒಂದೊಂದು ಮುಗ್ಗರಿಕೆ, ಕತ್ತಿನ ನರ ಉಬ್ಬುವುದು, ಕಣ್ಣು ಚಿಕ್ಕದಾಗುವುದು, ಎಲ್ಲ ತನ್ನದೇ. ಊರಿಗೇ ಬಾಯಿಯಾದ ಅವ್ವ ಉಗ್ಗುತ್ತಿದ್ದಾಳೆ! ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಒಳಗಿನಿಂದ ಒಂದು ಕಳ್ಳ ಸಮಾಧಾನ ಮಾತ್ರ ಮೇಲೆದ್ದು ಬಂತು. ನೋಡು ಅವ್ವಾ, ಹೀಗಿರುತ್ತದೆ ನನಗೆ, ಹುಟ್ಟಿದಾಗಿನಿಂದ. ಇಷ್ಟು ಮಾತಾಡುವವರನ್ನೇ ಹೀಗೆ ಮಾಡುವ ಸೆಟ್ಟು ತನ್ನನ್ನು ಇನ್ನೇನು ಮಾಡೀತು ಎಂದು ಕುತೂಹಲಕ್ಕೆ ಅವಳೂ ತಲೆಗೆ ಹಾಕಿಕೊಂಡಳು. ಮೆಲ್ಲಗೆ ಬಾಯಿ ತೆರೆದಳು.

“ಇದರ ಬೆಲೆ ಎಷ್ಟರಿ?”

ಅಷ್ಟೇ. ಮಾತು ಹೋಯಿತು. ತುಟಿಯ ಹತ್ತಿರ ನಿಲ್ಲಲಿಲ್ಲ, ತಿರುಗಿ ನೋಡಲಿಲ್ಲ, ಎದ್ದು ನಡೆದೇ ಬಿಟ್ಟಿತು. ಅದರ ಹಿಂದೆಯೇ ಒಂದು ಹೆಜ್ಜೆ ತಡವಾಗಿ ಅದೇ ದನಿ ಕಿವಿಯಲ್ಲಿ ಬಂತು. ತನ್ನ ಜೊತೆ ಇನ್ನೊಬ್ಬಳು ಕೂಡಿ ಮಾತಾಡಿದಂತೆ. ಸೈಕಲ್ ಕಲಿಯುವಾಗ ಹಿಂದೆ ಯಾರೋ ಸೀಟು ಹಿಡಿದುಕೊಂಡು ಓಡಿಬರುತ್ತಾರಲ್ಲ, ಹಾಗೆ.

ಅವ್ವನ ಕೈಯಲ್ಲಿದ್ದ ಔಷಧಿ ಬಾಟಲಿಯ ಚೀಲ ಮೇಜಿಗೆ ತಗುಲಿ ಟಣ್ಣೆಂದಿತು.

“ಏನಂದಿ?” ಅಂದಳು ಅವ್ವ. ಅಷ್ಟು ಸಣ್ಣ ದನಿ ಅವಳಿಗೆ ಇದೆಯೆಂದೇ ಯಾರಿಗೂ ಗೊತ್ತಿರಲಿಲ್ಲ.

“ಇದರ ಬೆಲೆ ಎಷ್ಟು ಅಂತ ಕೇಳಿದೆ.”

“ನಿನ್ ಹೆಸರು ಹೇಳು.”

ಪುಷ್ಪಲತಾ ಕಣ್ಣು ಮುಚ್ಚಿದಳು. ಇದೊಂದಾದರೆ ನಂಬಬಹುದು. ಇದಾಗದಿದ್ದರೆ ಎಲ್ಲ ಭ್ರಮೆ. “ಪುಷ್ಪಲತಾ,” ಅಂದಳು. ಇನ್ನೊಮ್ಮೆ, “ಪುಷ್ಪಲತಾ. ದೊಡ್ಡಬೀರಪ್ಪನ ಮಗಳು ಪುಷ್ಪಲತಾ.” ಹೆಸರು ಎಷ್ಟು ಸಣ್ಣದು! ಇಷ್ಟು ಬೇಗ ಮುಗಿಯುವ ಹೆಸರೇ ತನ್ನದು? ಉಳಿದವರಿಗೆಲ್ಲ ಅವರವರ ಹೆಸರು ಹೀಗೆ, ಹೊಸ್ತಿಲು ದಾಟಿದಷ್ಟು ಸುಲಭವೇ? ಇಪ್ಪತ್ತೆರಡು ವರ್ಷ ಈ ಹೆಸರು ಹೊತ್ತು ತಿರುಗಿದವಳು ಅದನ್ನು ಇಡಿಯಾಗಿ ಕೇಳಿದ್ದು ಆವತ್ತೇ, ತನ್ನ ಬಾಯಿಂದ, ತನ್ನ ಕಿವಿಯಲ್ಲೇ.

ತೆಗೆದು ನೋಡಿದಳು. “ಪ್... ಪ್... ಪು...” ಮತ್ತೆ ಹಾಕಿಕೊಂಡಳು. “ಪುಷ್ಪಲತಾ.” ಎಲ್ಲರನ್ನೂ ಎಡವಿಸುವುದು ತನ್ನನ್ನು ಎತ್ತಿ ನಿಲ್ಲಿಸುವುದೆಂದರೆ ಏನಿದು? ಯಾರಿಗೆ ಕೈ ಮುಗಿಯಬೇಕು? ಮಾಡಿದ ಕಂಪನಿಗೋ, ಕೆಡಿಸಿದ ದೇವರಿಗೋ?

ತಿಪ್ಪೇರುದ್ರಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಜಂಬುನಾಥನಿಗೆ ತಲೆಬುಡ ತಿಳಿಯಲಿಲ್ಲ. “ಹೆಸರು ಹೇಳಿದ್ದಕ್ಕ ಅಳಾದು ಯಾಕ ಯಕ್ಕಾ? ಹೋಗ್ಲಿ, ಇದು ಬ್ಯಾಡ ಬಿಡ್ರಿ, ನಿಮ್ ಸಾವಿರದ ಐನೂರಕ್ಕ ಬ್ಯಾರೆ ಚಲೋದು ಕೊಡ್ತೀನಿ.”

“ಬ್ಯಾಡ! ನಮಗ ಕೆಟ್ಟದ್ದ ಬೇಕು!”

“ಅಲ್ರಿ, ನಾಳೆ ಜಂಬುನಾಥ ಕೆಟ್ಟ ಮಾಲು ಮಾರಿದ ಅಂತ ಜನ ಅಂತಾರ. ಒಂದು ದಿನ ಬಿಟ್ಟು ಬರ್ರಿ, ರಿಪೇರಿ ಮಾಡ್ಸಿ...”

“ಮುಟ್ಟಬ್ಯಾಡ ಅದನ್ನ!” ಅವ್ವನ ಹಳೆಯ ದನಿ ವಾಪಸ್ ಬಂದಿತ್ತು. “ರಿಪೇರಿ ಗಿಪೇರಿ ಅಂದಿ ಅಂದ್ರ ನೋಡು! ಹೆಂಗೈತೋ ಹಂಗ ಕೊಡು.” ಜೀವಮಾನದಲ್ಲಿ ಮೊದಲ ಸಲ ಆಕೆ ಚೌಕಾಶಿ ಮರೆತು, ಮಗಳು ಕೊಟ್ಟ ಹಣವನ್ನು ಹಾಗೇ ಎಣಿಸದೆ ಮೇಜಿನ ಮೇಲೆ ಇಟ್ಟಳು.

ಬಸ್ಸಿನಲ್ಲಿ ಕಂಡಕ್ಟರ್ ಬಂದಾಗ ಅಭ್ಯಾಸದಂತೆ ಅವ್ವ ಬಾಯಿ ತೆರೆದಳು, ಅಷ್ಟರಲ್ಲಿ ಮಗಳು, “ಎರಡು ಕೊಟ್ಟೂರು ಕೊಡ್ರಿ,” ಅಂದಳು. ತಲೆಯ ಮೇಲೆ ಅಷ್ಟು ದೊಡ್ಡದನ್ನು ಹೊತ್ತ ಹುಡುಗಿಯನ್ನು ಕಂಡಕ್ಟರ್ ಒಮ್ಮೆ ನೋಡಿ, ಆಧಾರ್ ಕಾರ್ಡ್ ಕೇಳಿ, ಟಿಕೆಟ್ ಹರಿದುಕೊಟ್ಟು ಮುಂದೆ ಹೋದ. ಅವನಿಗೆ ಅದೊಂದು ದೊಡ್ಡ ಸಂಗತಿಯೇ ಆಗಿರಲಿಲ್ಲ. ಪುಷ್ಪಲತಾಳಿಗೆ ಅದೇ ದೊಡ್ಡ ಸಂಗತಿಯಾಗಿ ಕಂಡಿತು. ತಾನು ಮಾತಾಡಿದೆ, ಯಾರೂ ಬೆರಗಾಗಲಿಲ್ಲ! ದಾರಿಯುದ್ದಕ್ಕೂ ಅವಳು ಕಂಡದ್ದಕ್ಕೆಲ್ಲ ಹೆಸರು ಹೇಳಿದಳು. ಮೆಕ್ಕೆಜೋಳ, ಬಾರೆಗಿಡ, ಪಂಪ್‌ಹೌಸು, ಪೊಲೀಸ್ ಜೀಪು. ಅವ್ವ ಕಿಟಕಿಗೆ ತಲೆಯಾನಿಸಿ ಬರೀ ಕೇಳುತ್ತಾ ಕೂತಿದ್ದಳು. ಮಾತಿನ ಮಲ್ಲಿಯ ಬಾಯಿಗೆ ಅವತ್ತು ಪೂರಾ ರಜೆ.

ಭಾನುವಾರ ಮಧ್ಯಾಹ್ನ ಪುಷ್ಪಲತಾ ಮಾಳಿಗೆ ಮೇಲಿನ ತಗಡಿನ ನೆರಳಿನಲ್ಲಿ ಕೂತು ಆಟಕ್ಕಿಳಿದಳು. ಗಂಗಾಂಬಿಕಾ, ನಾಗರತ್ನ ಇಬ್ಬರೂ ಮೊದಲೇ ಬಂದಿದ್ದರು.

“ಪುಷ್ಪಿ, ಕೇಳಿಸ್ತೈತಾ?”

“ಕೇಳಿಸ್ತೈತಿ. ಪುಷ್ಪಲತಾ ಮಾತಾಡಾಕತ್ತೀನಿ. ಬಲಗಡೆ ಗುಡ್ಡದ ಮ್ಯಾಲೆ ಇಬ್ರು ಅದಾರ, ಬಗ್ಗಿ ನಡೀರಿ.”

ಆ ಕಡೆಯಿಂದ ನಾಗರತ್ನ ಕಿರುಚಿದಳು. “ಯವ್ವಾ! ಇದು ನಿನ್ ದನಿಯೇನಲೇ! ಎಷ್ಟು ಚಂದ ಐತಿ!”

ಅವತ್ತಿನ ಆಟವನ್ನು ಏನು ಹೇಳುವುದು! ಕಣ್ಣಿಗೂ ಬಾಯಿಗೂ ನಡುವೆ ಇದ್ದ ಗೋಡೆ ಬಿದ್ದುಹೋಗಿತ್ತು. ಕಂಡದ್ದು ಕಂಡ ಹಾಗೇ ಮಾತಾಗುತ್ತಿತ್ತು. “ಮನೆ ಹಿಂದ ಒಬ್ಬಾಕಿ. ಸೇತುವೆ ಕೆಳಗ ಬ್ಯಾಡ. ನಾಗಿ, ಎಡಕ್ಕ ಉರುಳು. ಅಕ್ಕಾ, ಈಗ!” ಇಬ್ಬರೂ ಅವಳ ಮಾತು ಹಿಡಿದು ಕುಣಿದರು. ಹೊಸಪೇಟೆಯವರು, ಹರಪನಹಳ್ಳಿಯವರು, ಒಂದೊಂದೇ ತಂಡ ಉದುರಿ, ಕೊನೆಗೆ ನಡುಗಡ್ಡೆಯಲ್ಲಿ ಇವರು ಮೂವರೇ ಉಳಿದರು. ಗಂಗಾಂಬಿಕಾ, ಎಂದೂ ಯಾರನ್ನೂ ಹೊಗಳದವಳು, “ಅಂತೂ ಮೈಕು ಸರಿ ಆತು ನೋಡು! ಇಷ್ಟು ದಿನ ಆ ಹಾಳು ಮೈಕಿನ ಕೂಡ ಯಾಕ ಸತ್ತಿಯಲೇ?” ಅಂದಳು. ಪುಷ್ಪಲತಾ ನಕ್ಕಳು. ಇನ್ನು ಈ ಗುಟ್ಟು ಯಾರಿಗೂ ತಿಳಿಯುವುದಿಲ್ಲ, ಎಂದೆಂದಿಗೂ ತಿಳಿಯುವುದಿಲ್ಲ.

ಆ ಸುಖ ಬಹಳ ಹೊತ್ತು ಉಳಿಯಲಿಲ್ಲ.

“ಈಗ ಕೇಳ್ರಿ,” ಗಂಗಾಂಬಿಕಾ ಸಂಘದವರು ಕಳಿಸಿದ ನಿಯಮ ಓದತೊಡಗಿದಳು. “ಇವತ್ತು ಗೆದ್ದೋರಿಗೆ ಫೈನಲ್ಲು ಹೊಸಪೇಟಿಯಾಗ. ಎಲ್ಲಾರೂ ಒಂದ ಹಾಲಿನಾಗ ಕುಂತು ಆಡಬೇಕಂತ. ಫೋನು, ಹೆಡ್‌ಸೆಟ್ಟು ಎಲ್ಲಾ ಅವರ ಕೊಡ್ತಾರಂತ, ಯಾರೂ ಮೋಸ ಮಾಡಬಾರದು ಅಂತ. ಲೇ, ಕೊನೆಗೂ ಮುಖ ನೋಡ್ತೀವಲ್ಲೇ ಮೂರೂ ಜನ!”

ನಾಗರತ್ನ ಯಾವ ಸೀರೆ, ಯಾವ ಚೂಡಿದಾರ ಅಂತ ಶುರು ಮಾಡಿದಳು. ಪುಷ್ಪಲತಾ ನೆಪ ಹುಡುಕತೊಡಗಿದಳು. ಜ್ವರ ಅನ್ನಬಹುದು. ಮನೆಯಲ್ಲಿ ಕಳಿಸುವುದಿಲ್ಲ ಅನ್ನಬಹುದು. ಸುಳ್ಳಿಗೇನು ಬರ? ಆದರೆ ಇಷ್ಟು ಚಂದದ ದನಿ ಅಂತ ಅಂದವಳಿಗೆ, ಆ ದನಿಯಲ್ಲೇ ಸುಳ್ಳು ಹೇಳುವುದೇ? ಸಿಕ್ಕು ಎರಡು ದಿನವಾಗದ ಮಾತನ್ನು ಮೊದಲು ಅದಕ್ಕೇ ಬಳಸುವುದೇ? ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

“ಒಂದು ಮಾತು ಹೇಳ್ತೀನಿ,” ಅಂದಳು. “ಟವರೂ ಕೆಟ್ಟಿರಲಿಲ್ಲ, ಮೈಕೂ ಕೆಟ್ಟಿರಲಿಲ್ಲ. ನಂಗ ಉಗ್ಗು ಐತಿ. ಈ ಹೆಡ್‌ಸೆಟ್ ಹಾಕ್ಕಂಡಾಗ ಅಷ್ಟ ಮಾತು ಬರ್ತೈತಿ.”

ಇಬ್ಬರೂ ಹೋ ಎಂದು ನಕ್ಕರು. “ಹೋಗಲೇ! ಪಟಪಟ ಅಂತ ಹೇಳ್ತಾಳ ನೋಡು, ಉಗ್ಗಂತ! ಹೊಸಪೇಟಿಗೆ ಬರಾಕ ಮನಸ್ಸಿಲ್ಲ, ಅದಕ್ಕ ನೆಪ ಮಾಡ್ತೀ ಹೌದಿಲ್ಲೋ?”

ಎಲಾ ಇವರ! ಒಂದು ವರ್ಷ ಉಗ್ಗಿ ಉಗ್ಗಿ ಸುಳ್ಳು ಬರೆದು ಕಳಿಸಿದರೆ ನಂಬಿದರು, ಇವತ್ತು ನೆಟ್ಟಗೆ ನಿಜ ಹೇಳಿದರೆ ನಂಬುವುದಿಲ್ಲ. ಎಷ್ಟು ಚೆನ್ನಾಗಿ ಹೇಳಿದರೆ ಅಷ್ಟು ಸುಳ್ಳಾಗಿ ಕೇಳುತ್ತಿತ್ತು. ಇದನ್ನು ನಂಬಿಸುವುದಕ್ಕೆ ದಾರಿ ಒಂದೇ ಇತ್ತು. ಅದು ಅವಳು ಹುಟ್ಟಿದಾಗಿನಿಂದ ತಪ್ಪಿಸಿಕೊಂಡು ಓಡಿದ ದಾರಿ.

ಪುಷ್ಪಲತಾ ಹೆಡ್‌ಸೆಟ್ ತೆಗೆದು ಮಡಿಲಲ್ಲಿಟ್ಟಳು. ಫೋನಿಗೆ ಚುಚ್ಚಿದ ತುಂಡನ್ನು ಕಿತ್ತಳು. ಫೋನನ್ನು ಬಾಯಿಯ ಹತ್ತಿರ ತಂದಳು.

“ನ್... ನ್... ನನ್ನ... ಹ್... ಹೆಸ್... ಹೆಸರು...”

ಮೆಟ್ಟಿಲ ಮೇಲೆ ಅವ್ವ ನಿಂತಿದ್ದಳು. ಯಾವಾಗ ಬಂದಳೋ. ಮಗಳು ತಡೆದಾಗಲೆಲ್ಲ ಮುಂದೆ ನುಗ್ಗಿ ಮಾತು ಮುಗಿಸಿಕೊಡುತ್ತಿದ್ದವಳು ಇವತ್ತು ಎರಡೂ ಕೈಯಿಂದ ತನ್ನ ಬಾಯಿಯನ್ನೇ ಒತ್ತಿ ಹಿಡಿದಿದ್ದಳು.

“ಪ್... ಪ್... ಪ್...” ಕತ್ತಿನ ನರ ಉಬ್ಬಿತು, ಕಣ್ಣಲ್ಲಿ ನೀರು ಬಂತು. ಬಿಡಲಿಲ್ಲ. “ಪು... ಪುಷ್... ಪ್... ಪುಷ್ಪ... ಲತಾ.”

ಫೋನಿನ ಆ ಕಡೆ ಯಾರೂ ನಗಲಿಲ್ಲ. ಯಾರೂ ಮುಗಿಸಿಕೊಡಲೂ ಇಲ್ಲ. ಕಾದರು. ಹೆಸರು ಮುಗಿಯುವ ತನಕ ಇಬ್ಬರು ಉಸಿರು ಬಿಗಿಹಿಡಿದು ಕಾದದ್ದು ಪುಷ್ಪಲತಾಳಿಗೆ ಸ್ಪಷ್ಟವಾಗಿ ಕೇಳಿಸಿತು.

“ಅಂದ್ರ...” ಗಂಗಾಂಬಿಕಾ ಬಾಯಿಬಿಟ್ಟಳು. ಗದರುವ ದನಿ ಎಲ್ಲೋ ಕರಗಿಹೋಗಿತ್ತು. “ಅಂದ್ರ ಹೋದ ವಾರ ಗೋಡೆ ಹಿಂದ ಮೂರು ಜನ ಇದ್ದಾಗ, ನೀ ಹೇಳಿದ್ದಿ! ‘ಗ್ ಗ್’ ಅಂತ ಬಂತು, ನಂಗ ನೆನಪೈತಿ. ನಾವ ಮೈಕು ಕೆಟ್ಟೈತಿ ಅಂತ ತಿಳ್ಕಂಡು ನಡದ್ವಿ.”

“ಹ್... ಹೂಂ.”

“ಥೂ ನನ್! ಹಂಗಾರ ಸೋತಿದ್ದು ನನ್ನಿಂದ.”

ನಾಗರತ್ನ ಮೂಗು ಏರಿಸುವುದು ಕೇಳಿಸಿತು. “ಅಕ್ಕಾ, ಪೂರಾ ಮಾತು ಯಾಕ ಬೇಕು? ಈಕಿ ತಡದಾಳ ಅಂದ್ರ ಏನೋ ಕಂಡೈತಿ ಅಂತ ಅರ್ಥ. ಸುಮ್ ಸುಮ್ಕ ಈಕಿ ಎಂದರ ಬಾಯಿ ತಗದಾಳೇನು?”

“ಹೌದಲ್ಲೇ! ಪುಷ್ಪಿ, ನೀ ‘ಬ್’ ಅನ್ನು ಸಾಕು, ನಾವು ಅಲ್ಲೇ ಕುಂತುಬಿಡ್ತೀವಿ. ಎಲ್ಲಿ, ಎಷ್ಟು ಜನ, ಆಮ್ಯಾಲೆ ಸಾವಕಾಶ ಹೇಳು. ಕುಂತೋರಿಗೆ ಗುಂಡು ತಾಗಲ್ಲ. ನಡಿ, ಈಗ ಒಂದು ಆಟ ಹಾಕಿ ನೋಡಾಣ. ಆ ಹೆಡ್‌ಸೆಟ್ ಹಾಕ್ಕಬ್ಯಾಡ. ಹೊಸಪೇಟಿಯಾಗ ಹೆಂಗಿರ್ತೀವೋ ಹಂಗ.”

ಮೂವರೂ ಮತ್ತೆ ನಡುಗಡ್ಡೆಗೆ ಇಳಿದರು. ಮುಂದೆ ಇಬ್ಬರೂ ಬಯಲಲ್ಲಿ ಓಡುತ್ತಿದ್ದರು. ದೂರದ ಪೊದೆಯಲ್ಲಿ ಎಲೆಯೊಂದು ಅಲುಗಿತು. ಅವಳಿಗೆ ಕಂಡಿತು. ಬಾಯಿ ತೆರೆದಳು.

“ಬ್—”

ಪರದೆಯ ಮೇಲೆ ಇಬ್ಬರೂ ದಡಕ್ಕನೆ ಕಲ್ಲೊಂದರ ಮರೆಗೆ ಕೂತರು. ಅವರ ತಲೆಯ ಮೇಲಿಂದ ಗುಂಡು ಸುಯ್ಯೆಂದು ಹಾದುಹೋಯಿತು. ಪುಷ್ಪಲತಾ ಕಣ್ಣು ಮಿಟುಕಿಸದೆ ನೋಡಿದಳು. ಜನ ನಕ್ಕ, ಅವ್ವ ಹರಕೆ ಹೊತ್ತ, ತಾನು ಒಂದು ವರ್ಷ ಮುಚ್ಚಿಟ್ಟ ಆ ಮುರುಕು ಅಕ್ಷರಕ್ಕೆ, ಹಡಗಲಿಯಲ್ಲೊಬ್ಬಳು ಕೂಡ್ಲಿಗಿಯಲ್ಲೊಬ್ಬಳು ಜೀವ ಉಳಿಸಿಕೊಂಡು ಕಲ್ಲಿನ ಮರೆಯಲ್ಲಿ ಕೂತಿದ್ದರು. ಉಳಿದ ಮಾತಿಗಾಗಿ ಕಾಯುತ್ತಿದ್ದರು.

ಅವಳು ಅದನ್ನು ಸಾವಕಾಶವಾಗಿ ಹೇಳಿ ಮುಗಿಸಿದಳು.